ಆರು ವರ್ಷದಿಂದ ಬರೆಯುತ್ತಿರುವ ನಮ್ಮ ನೀರಿನ ಲೆಕ್ಕ

2019ರ ಏಪ್ರಿಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಬೋರ್‌ವೆಲ್ಲೂ ಕೈಕೊಟ್ಟಿತು. 1,200 ಅಡಿ ಆಳ. ಮೋಟರ್ ಆನ್ ಮಾಡಿದ್ರೆ ಹತ್ತು ನಿಮಿಷ ನೀರು, ಆಮೇಲೆ ಬರೀ ಗಾಳಿ. ಅವತ್ತು ಸಂಜೆ ಮೀಟಿಂಗ್‌ನಲ್ಲಿ ಎಲ್ಲರದ್ದೂ ಒಂದೇ ಮಾತು, ಮೂರನೇದು ಕೊರೆಸೋಣ ಅಂತ. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. ನಮಗೆ ದಿನಕ್ಕೆ ಎಷ್ಟು ನೀರು ಬೇಕು? ಯಾರಿಗೂ ಗೊತ್ತಿರಲಿಲ್ಲ. ಕೇಳಿದ ತಪ್ಪಿಗೆ ನೀರಿನ ಜವಾಬ್ದಾರಿ ನನ್ನ ತಲೆಗೇ ಬಂತು, ಇವತ್ತಿಗೂ ನನ್ನ ಹತ್ತಿರವೇ ಇದೆ.

ನಾವಿರೋದು ಬೆಂಗಳೂರಿನ ಪೂರ್ವದ ಅಂಚಿನಲ್ಲಿ, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಲ್ಲಿ ಒಂದರಲ್ಲಿ. ನಮ್ಮ ಬಿಲ್ಡಿಂಗಿನಲ್ಲಿ 64 ಮನೆ, ಸುಮಾರು 210 ಜನ. ಆಗಿನ್ನೂ ಕಾವೇರಿ ಬಂದಿರಲಿಲ್ಲ. ಬೋರ್‌ವೆಲ್ ಬಿಟ್ಟರೆ ಟ್ಯಾಂಕರ್. ಟ್ಯಾಂಕರ್ ಬಂದಾಗೆಲ್ಲ ವಾಚ್‌ಮನ್ ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದರು, ನಮ್ಮ ಹತ್ತಿರ ಇದ್ದ ಲೆಕ್ಕ ಅಷ್ಟೇ. ಟ್ಯಾಂಕರಿನವರು 12,000 ಲೀಟರ್ ಅಂದ್ರೆ 12,000 ಲೀಟರ್. ಅಳೆದು ನೋಡಿದವರಿಲ್ಲ.

ಬೋರ್‌ವೆಲ್‌ಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಸ್ವಲ್ಪ ತೆಗೆದು ಮೊದಲು ಮೀಟರ್ ಹಾಕಿಸಿದೆವು. ಬೋರ್‌ವೆಲ್ ಪೈಪಿಗೆ ಒಂದು, ಟ್ಯಾಂಕರ್ ನೀರು ಸಂಪಿಗೆ ಬೀಳುವ ಕಡೆ ಒಂದು, ಮೇಲಿನ ಟ್ಯಾಂಕಿನಿಂದ ಮನೆಗಳಿಗೆ ಇಳಿಯುವ ಕಡೆ ಒಂದು. ದಿನಾ ಬೆಳಗ್ಗೆ ಆರಕ್ಕೆ ರೀಡಿಂಗ್. ಒಂದು ತಿಂಗಳ ಸರಾಸರಿ ತೆಗೆದರೆ ದಿನಕ್ಕೆ 44,000 ಲೀಟರ್, ಅಂದ್ರೆ ತಲೆಗೆ ಹೆಚ್ಚುಕಮ್ಮಿ 210. ಊರಿಗೆ ನೀರಿನ ಯೋಜನೆ ಮಾಡುವಾಗ ತಲೆಗೆ 135 ಲೀಟರ್ ಅಂತ ಹಿಡೀತಾರೆ. ಉಳಿದಿದ್ದು ಎಲ್ಲಿ ಹೋಗ್ತಿದೆ?

ಒಂದು ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಟೆರೇಸಿಗೆ ಹೋದೆ. ಇಡೀ ಬಿಲ್ಡಿಂಗ್ ಮಲಗಿತ್ತು, ಒಂದು ದೀಪ ಇಲ್ಲ. ಆದರೆ ಮೀಟರಿನ ಸಣ್ಣ ಕೆಂಪು ಮುಳ್ಳು ಮಾತ್ರ ನಿಲ್ಲದೆ ಸುತ್ತುತ್ತಿತ್ತು. ಎರಡರಿಂದ ನಾಲ್ಕರವರೆಗೆ ಅಲ್ಲೇ ಕೂತು ಬರೆದುಕೊಂಡೆ. ಗಂಟೆಗೆ 350 ಲೀಟರ್. ಯಾರೂ ಬಳಸದ ನೀರು ದಿನಕ್ಕೆ 8,400 ಲೀಟರ್ ಸುಮ್ನೆ ಹರಿದು ಹೋಗ್ತಿತ್ತು.

ಮಾರನೇ ಭಾನುವಾರ ಮನೆ ಮನೆಗೆ ಹೋದೆವು, ಕೈಯಲ್ಲಿ ಒಂದು ಅರಿಶಿನದ ಡಬ್ಬಿ. ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಅರ್ಧ ಚಮಚ ಹಾಕಿ ಕಲಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ ಅಂತ ಹೇಳಿ ಬರೋದು. ವಾಪಸ್ ಹೋದಾಗ ಕಮೋಡಿನೊಳಗೆ ಹಳದಿ ಗೆರೆ ಇಳಿದಿದ್ದರೆ ಒಳಗಿನ ರಬ್ಬರ್ ವಾಷರ್ ಸವೆದಿದೆ ಅಂತ ಅರ್ಥ. ಸದ್ದೂ ಬರಲ್ಲ, ಕಣ್ಣಿಗೂ ಕಾಣಲ್ಲ, ಅದಕ್ಕೇ ಯಾರಿಗೂ ಗೊತ್ತಾಗಿರಲ್ಲ. 19 ಕಡೆ ಹಳದಿ ಕಂಡಿತು. ನಾಲ್ಕನೇ ಮಹಡಿಯ ಅಜ್ಜಿಯೊಬ್ಬರು ಆ ಗೆರೆ ನೋಡಿ, "ಅಯ್ಯೋ, ನಾನು ಪಾತ್ರೆ ತೊಳೆದ ನೀರನ್ನ ತುಳಸಿಗೆ ಹಾಕ್ತಾ ಕೂತಿದ್ದೀನಲ್ಲಮ್ಮ, ಇಲ್ಲಿ ಇಷ್ಟು ಹೋಗ್ತಿದ್ಯಾ" ಅಂತ ಅಲ್ಲೇ ನಿಂತುಬಿಟ್ಟರು. ವಾಷರ್‌ಗಳನ್ನೆಲ್ಲ ಬದಲಾಯಿಸಿದ ವಾರಕ್ಕೆ ಬಳಕೆ 36,000ಕ್ಕೆ ಇಳಿಯಿತು.

ಮನೆಗೊಂದು ಮೀಟರ್ ಹಾಕುವಾಗ ಜಗಳ ಜಾಸ್ತಿ ಆಯ್ತು. ಒಂದು ಮನೆಗೆ ಒಂದು ಸಾಕು ಅಂದುಕೊಂಡಿದ್ದೆವು, ನೋಡಿದರೆ ಪ್ರತಿ ಬಚ್ಚಲಿಗೂ ಅಡುಗೆಮನೆಗೂ ಬೇರೆ ಬೇರೆ ಪೈಪು ಇಳಿದಿತ್ತು, ಹಾಗಾಗಿ ಮನೆಗೆ ನಾಲ್ಕು ಬೇಕಾಯಿತು. ಖರ್ಚು ಕೇಳಿ ಅರ್ಧ ಜನ ಬೇಡವೇ ಬೇಡ ಅಂದರು. ಕೊನೆಗೆ ಮೀಟಿಂಗ್ ತಿರುಗಿದ್ದು ಮೂಲೆಯಲ್ಲಿ ಕೂತಿದ್ದ ನಿವೃತ್ತ ದಂಪತಿಯ ಮಾತಿಂದ: "ನಾವು ಇಬ್ಬರೇ ಇರೋದು, ಐದು ಜನ ಇರೋ ಮನೆಯಷ್ಟೇ ಯಾಕೆ ಕೊಡಬೇಕು?" ಉತ್ತರ ಯಾರ ಹತ್ತಿರವೂ ಇರಲಿಲ್ಲ. ಬಿಲ್ ಮನೆ ಮನೆಗೆ ಬೇರೆ ಬೇರೆ ಬರೋಕೆ ಶುರುವಾದ ಮೇಲೆ ನಲ್ಲಿಗೆ ಏರೇಟರ್ (ಗಾಳಿ ಬೆರೆಸಿ ನೀರು ಕಮ್ಮಿ ಬಿಡುವ ಜಾಲರಿ) ಹಾಕಿಕೊಳ್ಳಿ ಅಂತ ನಾನು ಯಾರ ಹಿಂದೆಯೂ ಬೀಳಬೇಕಾಗಲಿಲ್ಲ. 30,000ದ ಆಸುಪಾಸಿಗೆ ಬಂದೆವು.

ಇನ್ನು ಎಸ್‌ಟಿಪಿ, ಅಂದ್ರೆ ಬಿಲ್ಡಿಂಗಿನ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕ. ಫ್ಲಶ್‌ಗೆ ಅಂತ ಬೇರೆ ಪೈಪ್ ಮೊದಲಿಂದಲೂ ಇತ್ತು, ಆದರೆ ಶುದ್ಧೀಕರಿಸಿದ ನೀರು ನಾರುತ್ತದೆ ಅಂತ ಯಾವಾಗಲೋ ಅದಕ್ಕೂ ಒಳ್ಳೇ ನೀರನ್ನೇ ಜೋಡಿಸಿಬಿಟ್ಟಿದ್ದರು. ಕಾರಣ ಹುಡುಕಿದರೆ ಸಿಕ್ಕಿದ್ದು ಇಷ್ಟೇ: ಕರೆಂಟ್ ಬಿಲ್ ಉಳಿಸೋಕೆ ರಾತ್ರಿ ಅದಕ್ಕೆ ಗಾಳಿ ಊದುವ ಬ್ಲೋವರ್ ಆಫ್ ಮಾಡುತ್ತಿದ್ದರು. ಕೊಳಕು ತಿನ್ನುವ ಬ್ಯಾಕ್ಟೀರಿಯಾಗೆ ಗಾಳಿ ಬೇಕು. ಗಾಳಿ ನಿಂತರೆ ಅವು ಸಾಯುತ್ತವೆ, ನೀರು ನಾರುತ್ತದೆ. ಬ್ಲೋವರ್ ಸರಿಯಾಗಿ ಓಡಿಸಿ, ಫಿಲ್ಟರಿನ ಮರಳು ಮತ್ತು ಕಾರ್ಬನ್ ಬದಲಾಯಿಸಿದ ಮೇಲೆ ವಾಸನೆ ಹೋಯಿತು. ಫ್ಲಶ್ಶೂ ಗಿಡಗಳೂ ಆ ನೀರಿಗೆ ಬಂದವು. ಒಳ್ಳೇ ನೀರಿನ ಬಳಕೆ ದಿನಕ್ಕೆ 24,000.

ಇಷ್ಟಾದ ಮೇಲೆಯೇ ನಾನು ಮಳೆಯ ಲೆಕ್ಕಕ್ಕೆ ಕೂತಿದ್ದು. ಬಹಳ ಜನ ಇದನ್ನೇ ಮೊದಲು ಮಾಡ್ತಾರೆ, ನನ್ನ ಪ್ರಕಾರ ಅದು ತಲೆಕೆಳಗು. ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಬೀಳುತ್ತದೆ. ನಮ್ಮ ಟೆರೇಸ್ 1,300 ಚದರ ಮೀಟರ್. ಪೋಲಾಗೋದನ್ನು ಕಳೆದರೆ ವರ್ಷಕ್ಕೆ ಹತ್ತು ಲಕ್ಷ ಲೀಟರ್ ಚಿಲ್ಲರೆ. ಕೇಳೋಕೆ ಭಾರೀ ಅನಿಸುತ್ತದೆ, ಅಲ್ವಾ? 24,000ದಿಂದ ಭಾಗಿಸಿ ನೋಡಿ. ಒಂದೂವರೆ ತಿಂಗಳಿನ ನೀರು ಅಷ್ಟೇ. ಅದೇ 30-40 ಸೈಟಿನ ಒಂಟಿ ಮನೆಯಲ್ಲಿ ನಾಲ್ಕು ಜನ ಇದ್ದರೆ ಅವರ ಸೂರಿನ ಮಳೆ ಆರು ತಿಂಗಳಿಗೆ ಹತ್ತಿರ ಬರುತ್ತದೆ. ಜನ ಒತ್ತೊತ್ತಾಗಿ ಇರುವ ಕಡೆ ಸೂರಿನ ನೀರೊಂದನ್ನೇ ನಂಬಿ ಕೂರೋಕೆ ಆಗಲ್ಲ.

ಆದರೂ 60,000 ಲೀಟರಿನ ಹಳೇ ಸಂಪನ್ನು ಮಳೆನೀರಿಗೆ ಬಿಟ್ಟೆವು. ಒಂದು ಜೋರು ಮಳೆಗೆ ಅದು ತುಂಬುತ್ತದೆ, ಎರಡು ಮೂರು ದಿನ ಬೋರ್‌ವೆಲ್ಲಿಗೆ ರಜೆ. ಅಂಗಳದ ನೀರಿಗೆ ಇಂಗುಬಾವಿ, ಅಂದ್ರೆ ಮಳೆನೀರನ್ನು ನೆಲದೊಳಕ್ಕೆ ಇಳಿಸುವ ಬಾವಿ, ತೋಡಿಸಿದೆವು. ಬಾವಿ ತೋಡುವುದೇ ಕುಲಕಸುಬಾದ ಮಣ್ಣು ವಡ್ಡರ ಕುಟುಂಬದ ನಾಲ್ಕು ಜನ ಬಂದರು. ಮೂರು ಅಡಿ ಅಗಲದ ಗುಂಡಿ, ಒಬ್ಬರು ಒಳಗೆ ಕೂತು ಸಣ್ಣ ಹಾರೆಯಿಂದ ಅಗೆಯೋದು, ಮೇಲಿನವರು ಬುಟ್ಟಿ ಎಳೆಯೋದು. 22 ಅಡಿಗೆ ಒಳಗಿದ್ದವರು ಒಂದು ಹಿಡಿ ಮಣ್ಣು ಮೇಲೆ ಕಳಿಸಿ, "ಹಿಚುಕಿ ನೋಡಿ ಅಮ್ಮ" ಅಂದರು. ತಣ್ಣಗಿತ್ತು, ಹಿಚುಕಿದರೆ ಉಂಡೆ ಆಗ್ತಿತ್ತು. 1,200 ಅಡಿ ಕೊರೆದು ಗಾಳಿ ಎಳೆದಿದ್ದ ಜಾಗದಲ್ಲಿ ಅದು!

ಮೊದಲ ವರ್ಷವೇ ಎರಡು ಬಾವಿ ಹೂಳು ತುಂಬಿಕೊಂಡವು. ಪೈಪ್ ಜೋಡಿಸಿದ ಕಂಟ್ರಾಕ್ಟರ್, ಹೂಳು ಕೂರುವ ತೊಟ್ಟಿಯನ್ನೇ ಬಿಟ್ಟುಬಿಟ್ಟಿದ್ದರು. ಇದನ್ನು ಮಾತ್ರ ದಯವಿಟ್ಟು ನಿಂತು ಮಾಡಿಸಿ. ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರಿಗೆ ಮುಂಚೆ ಒಮ್ಮೆ ತೊಟ್ಟಿ ತೊಳೆಸಲೇಬೇಕು.

2023ರಲ್ಲಿ ಮಳೆ ಕೈಕೊಟ್ಟು, 2024ರ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗ ನಮ್ಮ ಬೋರ್‌ವೆಲ್ ದಿನಕ್ಕೆ 12,000 ಕೊಡುತ್ತಿತ್ತು. ಒಂದು ಟ್ಯಾಂಕರ್ ತರಿಸಿದರೆ ಸಾಕಾಗುತ್ತಿತ್ತು. ಹಳೇ ಲೆಕ್ಕವಾಗಿದ್ದರೆ ಮೂರು ಬೇಕಿತ್ತು, ಆ ತಿಂಗಳು ಯಾರು ಮೂರು ಕೊಡುತ್ತಿದ್ದರು?

ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್, ನಮ್ಮಂಥ ಹಳ್ಳಿಗಳಿಗೇ ಅಂತ. ನಮಗೂ ಸಂಪರ್ಕ ಸಿಕ್ಕಿತು, ಸಿಹಿ ಹಂಚಿದೆವು. ಮುಂದಿನ ಮೀಟಿಂಗ್‌ನಲ್ಲೇ ಒಬ್ಬರು, "ಇನ್ನು ಈ ಬಾವಿ, ರೀಡಿಂಗ್ ಎಲ್ಲ ಯಾಕೆ ಮೇಡಂ?" ಅಂದರು. ನಾನು ಹಳೇ ಕಥೆಯನ್ನೇ ಹೇಳಿದೆ. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ ನೀರು ಬಂತು, ಊರು ಅದನ್ನು ಮೀರಿ ಬೆಳೆಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಆಯಿತು, ಅದೂ ಸಾಲಲಿಲ್ಲ. 1974ರಿಂದ ಕಾವೇರಿ, ಈಗ ಐದನೇ ಹಂತ. ಆ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರ ಪಂಪ್ ಆಗಿ ನಮ್ಮ ನಲ್ಲಿಗೆ ಬರುತ್ತದೆ. ನದಿ ಪಾತ್ರದಲ್ಲೇ ನೀರಿಲ್ಲದ ವರ್ಷ ಪೈಪ್ ಎಷ್ಟು ದಪ್ಪ ಇದ್ದರೇನು? ಕಾವೇರಿ ಬರಲಿ, ನಮ್ಮ 24,000 ಮಾತ್ರ ಮೇಲೆ ಹೋಗಬಾರದು ಅಂದೆ. ಕೈ ಎತ್ತಿಸಿದೆವು, ರೀಡಿಂಗ್ ಉಳಿಯಿತು.

ಈಗ ರೀಡಿಂಗ್ ಬರೆಯೋದು ಎರಡನೇ ಮಹಡಿಯ, ಒಂಬತ್ತನೇ ಕ್ಲಾಸಿನ ಹುಡುಗಿ. ಭಾನುವಾರ ಅವಳು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಬಿಟ್ಟು ನೀರಿನ ಮಟ್ಟವನ್ನೂ ನೋಡ್ತಾಳೆ. ಹೋದ ವಾರ 14 ಅಡಿಗೆ ಕಲ್ಲು ನೆನೆಯಿತಂತೆ, ಓಡಿ ಬಂದು ಹೇಳಿದಳು.