ಐಬಿಯವರು ವಿಚಾರಣೆಗೆ ಬಂದರೆ ಏನು ಮಾಡಬೇಕು?

ಐಬಿ ಎಂದೇ ಎಲ್ಲರಿಗೂ ಗೊತ್ತಿರುವ ಇಂಟೆಲಿಜೆನ್ಸ್ ಬ್ಯೂರೋದ ಅಧಿಕಾರಿಯೊಬ್ಬರು ಮನೆಗೆ ಬಂದು ನಿಮ್ಮ ಬಗ್ಗೆಯೋ ನೆರೆಯವರ ಬಗ್ಗೆಯೋ ವಿಚಾರಿಸಿದರೆ ಮೊದಲು ನೆನಪಿಡಬೇಕಾದ ಸಂಗತಿಯೆಂದರೆ, ಆ ಸಂಸ್ಥೆಗೆ ಯಾರನ್ನೂ ಬಂಧಿಸುವ ಅಥವಾ ಮನೆ ಶೋಧಿಸುವ ಅಧಿಕಾರವಿಲ್ಲ. 1887ರಲ್ಲಿ ಬ್ರಿಟಿಷ್ ಆಡಳಿತದಲ್ಲಿ ಹುಟ್ಟಿ, ಇಂದು ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿರುವ ಐಬಿಯ ಅಧಿಕಾರ ಇಷ್ಟೇ ಎಂದು ಗೆರೆ ಎಳೆಯುವ ಕಾಯ್ದೆಯನ್ನು ಸಂಸತ್ತು ರೂಪಿಸಿಲ್ಲ. 1985ರ ಕಾಯ್ದೆಯೊಂದಿದೆಯಾದರೂ ಅದು ಗುಪ್ತಚರ ಸಂಸ್ಥೆಗಳ ನೌಕರರು ಸಂಘ ಕಟ್ಟುವುದನ್ನು, ಪತ್ರಿಕೆಗಳೊಡನೆ ಮಾತನಾಡುವುದನ್ನು ನಿರ್ಬಂಧಿಸುತ್ತದೆ, ಅಷ್ಟೆ. ಭಯೋತ್ಪಾದನೆ, ಬೇಹುಗಾರಿಕೆ, ಆಂತರಿಕ ಭದ್ರತೆ ಕುರಿತ ಮಾಹಿತಿ ಕಲೆಹಾಕಿ ಸರ್ಕಾರಕ್ಕೂ ರಾಜ್ಯ ಪೊಲೀಸರಿಗೂ ತಲುಪಿಸುವುದು ಐಬಿಯ ಕೆಲಸ. ಪ್ರಕರಣ ದಾಖಲಿಸಿ ಕ್ರಮ ಕೈಗೊಳ್ಳುವುದು ಪೊಲೀಸರಿಗೆ ಸೇರಿದ್ದು.

ಆದ್ದರಿಂದ ಬಂದವರ ಗುರುತಿನ ಚೀಟಿಯನ್ನು ವಿನಯದಿಂದಲೇ ಕೇಳಿ, ಹೆಸರು ಮತ್ತು ಹುದ್ದೆಯನ್ನು ಬರೆದಿಟ್ಟುಕೊಳ್ಳಿ. ಸೂಕ್ಷ್ಮ ಹುದ್ದೆಗಳ ನೇಮಕಾತಿಗೆ ಮುನ್ನ ಅಭ್ಯರ್ಥಿಯ ಪೂರ್ವಾಪರ ವಿಚಾರಿಸುವುದು ವಾಡಿಕೆಯಾಗಿರುವುದರಿಂದ (ಹೈಕೋರ್ಟ್ ನ್ಯಾಯಮೂರ್ತಿಗಳಾಗುವವರ ಬಗ್ಗೆಯೂ ಕೇಂದ್ರವು ಐಬಿ ವರದಿ ತರಿಸಿಕೊಳ್ಳುತ್ತದೆ) ಗೊತ್ತಿರುವುದನ್ನು ಗೊತ್ತಿರುವಷ್ಟೇ ಹೇಳುವುದರಲ್ಲಿ ತಪ್ಪೇನಿಲ್ಲ. ಊಹೆಯನ್ನು ಮಾತ್ರ ಸತ್ಯವೆಂಬಂತೆ ಹೇಳಬೇಡಿ. ಮೊಬೈಲನ್ನೋ ದಾಖಲೆಗಳನ್ನೋ ಒಪ್ಪಿಸಿ ಎಂದರೆ ಲಿಖಿತ ಆದೇಶ ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಅಂಥ ಆದೇಶ ಹೊರಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೂ ಠಾಣಾಧಿಕಾರಿಗೂ ಕೊಟ್ಟಿದೆ. ವಿಡಿಯೋ ಕರೆಯಲ್ಲಿ ಐಬಿಯ ಹೆಸರು ಹೇಳಿ ಹಣ ಕೇಳಿದರೆ ಅದು ವಂಚನೆಯೇ. ಕರೆ ಕಡಿತಗೊಳಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಬಂಧಿಸುವ ಅಧಿಕಾರವಿಲ್ಲವೆಂದ ಮಾತ್ರಕ್ಕೆ ಐಬಿಯ ಕೈ ಚಿಕ್ಕದಲ್ಲ. ಕಂಪ್ಯೂಟರ್ ಮೂಲಕ ಸಾಗುವ ಮಾಹಿತಿಯನ್ನು ತಡೆದು ಪರಿಶೀಲಿಸಲು 2018ರ ಡಿಸೆಂಬರ್‌ನಲ್ಲಿ ಗೃಹ ಸಚಿವಾಲಯ ಅಧಿಕಾರ ಕೊಟ್ಟ 10 ಸಂಸ್ಥೆಗಳ ಪಟ್ಟಿಯಲ್ಲಿ ಮೊದಲ ಹೆಸರೇ ಇದರದು. ಫೋನ್ ಕದ್ದಾಲಿಕೆಗೆ ಸಾಮಾನ್ಯವಾಗಿ ಕೇಂದ್ರ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿ ಪರಿಶೀಲಿಸಬೇಕು. ಹೀಗೆ ಆದೇಶ ಕೊಡುವವರೂ ಪರಿಶೀಲಿಸುವವರೂ ಸರ್ಕಾರದ ಅಧಿಕಾರಿಗಳೇ ಆಗಿರುವುದು ನನ್ನ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡ ಕೊರತೆ.

ಐಬಿಯಿಂದ ಮಾಹಿತಿ ಪಡೆಯುವುದು ಕಷ್ಟ, ಆದರೆ ಅಸಾಧ್ಯವಲ್ಲ. ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಅದಕ್ಕೆ ವಿನಾಯಿತಿ ನೀಡಿದ್ದರೂ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಆ ವಿನಾಯಿತಿಯಿಂದ ಹೊರಗಿಟ್ಟಿದೆ. ಆದ್ದರಿಂದ ಅರ್ಜಿಯ ಮೊದಲ ಸಾಲಿನಲ್ಲೇ ಆರೋಪ ಯಾವುದೆಂದು ನಮೂದಿಸಿ. ಅದು ಮಾನವ ಹಕ್ಕಿಗೆ ಸಂಬಂಧಿಸಿದ್ದರೆ ಕೇಂದ್ರ ಮಾಹಿತಿ ಆಯೋಗದ ಒಪ್ಪಿಗೆ ಪಡೆದು, ಅರ್ಜಿ ತಲುಪಿದ 45 ದಿನಗಳೊಳಗೆ ಮಾಹಿತಿ ಕೊಡಬೇಕಾಗುತ್ತದೆ.