ಬಾಲಿ ಬಿಟ್ಟು ಸುಮಾತ್ರಾ ಹಿಡಿದೆ: ಒಂದು ಬ್ಯಾಗು, ಒಂದು ತಿಂಗಳ ವೀಸಾ

ಇಂಡೋನೇಷ್ಯಾ ಅಂದ ತಕ್ಷಣ ನಮ್ಮವರಿಗೆ ಬಾಲಿ ನೆನಪಾಗುತ್ತೆ. ತಪ್ಪೇನಿಲ್ಲ ಬಿಡಿ. ಆದರೆ 17,000ಕ್ಕೂ ಹೆಚ್ಚು ದ್ವೀಪ ಇರುವ ದೇಶದಲ್ಲಿ ಎಲ್ಲರೂ ಒಂದೇ ದ್ವೀಪಕ್ಕೆ ಮುಗಿಬಿದ್ದರೆ ಅಲ್ಲಿ ಕಾಣಸಿಗುವುದು ಟ್ರಾಫಿಕ್ಕೇ ಜಾಸ್ತಿ. ನನಗೆ ಬೇಕಿದ್ದದ್ದು ಕಾಡು, ನೀರು, ಕಡಿಮೆ ಖರ್ಚು.

ಪ್ಲಾನ್ ಮಾಡಲು ಕೂತಾಗ ಜಾವಾ, ಬಾಲಿ, ಲೊಂಬೊಕ್, ಫ್ಲೋರೆಸ್ ಎಲ್ಲವನ್ನೂ ಒಂದೇ ಏಟಿಗೆ ಮುಗಿಸುವ ಸಲಹೆಗಳು ಬೇಕಾದಷ್ಟು ಬಂದವು. ಲೆಕ್ಕ ಹಾಕಿ ನೋಡಿದರೆ ಅರ್ಧ ರಜೆ ಏರ್‌ಪೋರ್ಟ್‌ನಲ್ಲೇ ಕಳೆಯುತ್ತೆ. ಈ ದೇಶ ಒಂದು ತುದಿಯಿಂದ ಇನ್ನೊಂದು ತುದಿಗೆ 5,000 ಕಿಲೋಮೀಟರ್ ಚಾಚಿಕೊಂಡಿದೆ, ಒಳಗೇ ಮೂರು ಬೇರೆ ಬೇರೆ ಟೈಮ್ ಇದೆ. ಹಾಗಾಗಿ ನಾನು ಒಂದೇ ಮೂಲೆ ಹಿಡಿದೆ, ಸುಮಾತ್ರಾ ದ್ವೀಪದ ಉತ್ತರ ಭಾಗ. ಮೆಡಾನ್‌ನಲ್ಲಿ ಇಳಿದು ಬುಕಿತ್ ಲಾವಾಂಗ್‌ನ ಕಾಡು, ಆಮೇಲೆ ತೋಬಾ ಸರೋವರ, ಅಲ್ಲಿಂದ ‘ಆಚೆ’ (Aceh) ಅನ್ನುವ ಪ್ರಾಂತ್ಯ, ಕೊನೆಗೆ ವೆ ಅನ್ನುವ ಪುಟ್ಟ ದ್ವೀಪ. ಸುಮಾತ್ರಾದ ಒಳಗೆ ಎಲ್ಲವೂ ಬಸ್ಸು, ದೋಣಿ. ವಿಮಾನ ಹೋಗಲು, ಬರಲು ಮಾತ್ರ.

ವೀಸಾ ಕಷ್ಟವಿಲ್ಲ. ನಮ್ಮ ಪಾಸ್‌ಪೋರ್ಟ್‌ಗೆ ವೀಸಾ ಆನ್ ಅರೈವಲ್ ಇದೆ, 5 ಲಕ್ಷ ರೂಪಿಯಾ. ಗಾಬರಿ ಬೇಡ, ಸಾವಿರ ರೂಪಿಯಾ ಅಂದರೆ ನಮ್ಮ ಐದು ರೂಪಾಯಿ ಚಿಲ್ಲರೆ ಅಷ್ಟೇ. ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿಕೊಂಡರೆ ಕ್ಯೂ ತಪ್ಪುತ್ತೆ. 30 ದಿನ ಸಿಗುತ್ತೆ, ಒಂದು ಸಲ ಇನ್ನೂ 30 ದಿನ ಮುಂದುವರಿಸಬಹುದು. ಇಳಿದ ದಿನವೇ ಒಂದನೇ ದಿನ ಅಂತ ಲೆಕ್ಕ. ಮೀರಿದರೆ ದಿನಕ್ಕೆ 10 ಲಕ್ಷ ರೂಪಿಯಾ ದಂಡ, ಅಲ್ಲಿ ಯಾವ ಚೌಕಾಸಿಯೂ ನಡೆಯಲ್ಲ.

ಬೆಂಗಳೂರಿಂದ ಕೌಲಾಲಂಪುರ, ಅಲ್ಲಿಂದ ಒಂದು ಗಂಟೆಯ ಹಾರಾಟಕ್ಕೆ ಮೆಡಾನ್. ಏರ್‌ಪೋರ್ಟ್ ಊರಿಂದ ದೂರ ಇದೆ, ಆದರೆ ಟ್ರೈನ್ ಇದೆ. ಮೆಡಾನ್ ಬಗ್ಗೆ ಬ್ಯಾಕ್‌ಪ್ಯಾಕರ್‌ಗಳು ಮೂಗು ಮುರಿಯುತ್ತಾರೆ. ಗದ್ದಲ, ಹೊಗೆ, ನೋಡಲು ಏನಿಲ್ಲ ಅಂತ. ನಮ್ಮ ಮೆಜೆಸ್ಟಿಕ್ ನೋಡಿದವರಿಗೆ ಇದೇನು ಮಹಾ! ಅಲ್ಲಿ ಕಂಪುಂಗ್ ಮದ್ರಾಸ್ ಅಂತ ಒಂದು ಬಡಾವಣೆ ಇದೆ. ಡಚ್ಚರ ಕಾಲದಲ್ಲಿ ಇಲ್ಲಿನ ಹೊಗೆಸೊಪ್ಪಿನ ತೋಟಗಳಿಗೆ ಕೂಲಿಗೆ ಬಂದ ತಮಿಳರ ಮಕ್ಕಳು, ಮೊಮ್ಮಕ್ಕಳು ಇರುವ ಜಾಗ. 1884ರ ಮಾರಿಯಮ್ಮನ ಗುಡಿ ಇದೆ, ಗೋಪುರವೂ ಸೇರಿ ನಮ್ಮ ಕಡೆಯ ಗುಡಿಯೇ ಅನ್ನಿ. ಒಂದು ದಿನ ನಿಂತು ಸಿಮ್ ಹಾಕಿಸಿ, ಎಟಿಎಂನಿಂದ ಮುಂದಿನ ವಾರಕ್ಕಾಗುವಷ್ಟು ದುಡ್ಡು ತೆಗೆದು, ಫೋನಿಗೆ ಬೈಕು, ಟ್ಯಾಕ್ಸಿ ಕರೆಸುವ ಗೋಜೆಕ್ ಮತ್ತು ಗ್ರ್ಯಾಬ್ ಆ್ಯಪ್ ಹಾಕಿಕೊಂಡು ಹೊರಟೆ. ಸಣ್ಣ ಊರುಗಳಲ್ಲಿ ಕಾರ್ಡ್ ನಂಬಿಕೊಂಡು ಕೂರಬೇಡಿ.

ಬುಕಿತ್ ಲಾವಾಂಗ್ ಮೆಡಾನ್‌ನಿಂದ ಸುಮಾರು 90 ಕಿಲೋಮೀಟರ್. ಮೂರು ಗಂಟೆ ಅಂತಾರೆ, ನಾಲ್ಕು ಅಂತ ಇಟ್ಟುಕೊಳ್ಳಿ. ಸುಮಾತ್ರಾದಲ್ಲಿ ನಾನು ಕಿಲೋಮೀಟರ್ ಕೇಳುವುದನ್ನೇ ಬಿಟ್ಟೆ, ಎಷ್ಟು ಗಂಟೆ ಅಂತ ಕೇಳಿ ಅದಕ್ಕೆ ಒಂದು ಸೇರಿಸುತ್ತಿದ್ದೆ. ದಾರಿಯ ಎರಡೂ ಕಡೆ ಎಣ್ಣೆತಾಳೆ ತೋಟ. ಕಿಟಕಿಯಾಚೆ ಅದೇ ಸಾಲು, ಅದೇ ಮರ, ಮುಗಿಯುವುದೇ ಇಲ್ಲ. ಇಲ್ಲೆಲ್ಲ ಮೊದಲು ಕಾಡಿತ್ತು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಾವು ತಿನ್ನುವ ಬಿಸ್ಕತ್ತು, ಹಚ್ಚುವ ಸೋಪಿನಲ್ಲೂ ಈ ತಾಳೆ ಎಣ್ಣೆ ಇರುತ್ತೆ. ಹಾಗಾಗಿ ಸುಮ್ನೆ ಅವರನ್ನು ಬೈದು ಮುಂದೆ ಹೋಗುವುದು ನನ್ನಿಂದ ಆಗಲಿಲ್ಲ.

ಊರು ಬೊಹೊರೊಕ್ ನದಿಯ ದಡದಲ್ಲಿದೆ. ನದಿಯ ಆಚೆ ಗುನುಂಗ್ ಲ್ಯೂಸರ್ ರಾಷ್ಟ್ರೀಯ ಉದ್ಯಾನ. ಒರಾಂಗುಟಾನ್ (ಕೆಂಗೂದಲಿನ ದೊಡ್ಡ ವಾನರ), ಹುಲಿ, ಆನೆ, ಘೇಂಡಾಮೃಗ ನಾಲ್ಕೂ ಒಟ್ಟಿಗೆ ಬದುಕಿರುವ ಕಾಡು ಜಗತ್ತಿನಲ್ಲಿ ಇದೊಂದೇ. ಹುಲಿ, ಘೇಂಡಾಮೃಗ ನೋಡುವ ಆಸೆ ಇಟ್ಟುಕೊಳ್ಳಬೇಡಿ, ಅವು ಬಹಳ ಒಳಗೆ ಇವೆ. ಒರಾಂಗುಟಾನ್ ಮಾತ್ರ ಕಾಣುವ ಸಾಧ್ಯತೆ ಜಾಸ್ತಿ, ಅದಕ್ಕೆ ಕಾರಣವೂ ಇದೆ. 1973ರಲ್ಲಿ ಸ್ವಿಟ್ಜರ್ಲೆಂಡಿನ ಇಬ್ಬರು ಪ್ರಾಣಿಶಾಸ್ತ್ರಜ್ಞೆಯರು ಇಲ್ಲೊಂದು ಪುನರ್ವಸತಿ ಕೇಂದ್ರ ಶುರುಮಾಡಿದರು. ಜನ ಮನೆಯಲ್ಲಿ ಕಟ್ಟಿ ಸಾಕಿದ್ದ ಒರಾಂಗುಟಾನ್‌ಗಳನ್ನು ತಂದು ಕಾಡಿನ ಬದುಕು ಕಲಿಸಿ ಬಿಡುತ್ತಿದ್ದರು. ಅವು ಮತ್ತು ಅವುಗಳ ಮಕ್ಕಳು ಈ ಅಂಚಿನಲ್ಲೇ ಓಡಾಡುತ್ತವೆ, ಮನುಷ್ಯರನ್ನು ಕಂಡರೆ ಅಷ್ಟಾಗಿ ಹೆದರುವುದಿಲ್ಲ. ತೊಂದರೆಯೂ ಅಲ್ಲೇ ಇರುವುದು. ಟೂರಿಸ್ಟ್‌ಗೆ ಒಳ್ಳೆ ಫೋಟೋ ಸಿಗಲಿ ಅಂತ ಹಣ್ಣು ತೋರಿಸಿ ಕೆಳಗೆ ಕರೆಯುವ ಗೈಡ್‌ಗಳು ಇದ್ದಾರೆ. ಮೀನಾ ಅಂತ ಒಂದು ಹೆಣ್ಣು ಒರಾಂಗುಟಾನ್ ಇಲ್ಲಿ ಬಹಳ ಫೇಮಸ್. ಹೆಸರು ಕೇಳಿದರೆ ಪಕ್ಕದ ಮನೆಯವರು ಅನ್ನಿಸುತ್ತೆ, ಆದರೆ ಆಕೆ ಗೈಡ್‌ಗಳಿಗೆ ಕಚ್ಚಿದ ಕಥೆಗಳು ಊರೆಲ್ಲ ಇವೆ.

ಗೈಡ್ ಇಲ್ಲದೆ ಉದ್ಯಾನದೊಳಗೆ ಬಿಡುವುದಿಲ್ಲ. ಬಸ್ ಇಳಿಯುವ ಮೊದಲೇ ಯಾರೋ ಒಬ್ಬರು ನಗುತ್ತಾ ಪಕ್ಕದಲ್ಲಿ ಕೂತು, ಎಲ್ಲಿಯವರು, ಎಷ್ಟು ದಿನ ಇರ್ತೀರಿ ಅಂತ ಮಾತು ಶುರುಮಾಡುತ್ತಾರೆ. ಮಾತಾಡಿ, ಆದರೆ ದುಡ್ಡು ಕೊಡಬೇಡಿ. ನಾನು ಊರು ತಲುಪಿ, ಒಂದು ರಾತ್ರಿ ಮಲಗಿ, ಬೆಳಿಗ್ಗೆ ನಾಲ್ಕಾರು ಕಡೆ ವಿಚಾರಿಸಿದೆ. ಬೆಲೆ ಯೂರೋದಲ್ಲೇ ಹೇಳುತ್ತಾರೆ, ಎಲ್ಲ ಕಡೆ ಹೆಚ್ಚು ಕಮ್ಮಿ ಒಂದೇ. ಹಾಗಾಗಿ ನಾನು ಬೆಲೆಗಿಂತ ಬೇರೆ ಪ್ರಶ್ನೆ ಕೇಳಿದೆ. ಲೈಸೆನ್ಸ್ ಕಾರ್ಡ್ ತೋರಿಸ್ತೀರಾ? ಗುಂಪಿನಲ್ಲಿ ಎಷ್ಟು ಜನ? ಪ್ರಾಣಿಗಳಿಗೆ ತಿನ್ನಲು ಕೊಡ್ತೀರಾ? ಕೊನೆಯ ಪ್ರಶ್ನೆಗೆ ಒಬ್ಬಾತ, "ನಿಮಗೆ ಹತ್ತಿರದಿಂದ ನೋಡಬೇಕಾ? ಎಲ್ಲಾ ಮಾಡೋಣ" ಅಂದ. ಅವನನ್ನು ಬಿಟ್ಟೆ. ಇನ್ನೊಬ್ಬರು, ವಯಸ್ಸಾದವರು, "ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ, ಹತ್ತು ಮೀಟರ್ ದೂರ ನಿಲ್ಲಬೇಕು, ಮಾಸ್ಕ್ ತನ್ನಿ" ಅಂದರು. ಅವರ ಜೊತೆಗೇ ಹೋದೆ. ಮಾಸ್ಕ್ ಯಾಕೆ ಅಂದರೆ ನಮ್ಮ ನೆಗಡಿ, ಕೆಮ್ಮು ಅವುಗಳಿಗೂ ಹತ್ತುತ್ತೆ.

ಮೊದಲ ಒಂದು ಗಂಟೆ ರಬ್ಬರ್ ತೋಟದ ಏರು. ಆಮೇಲೆ ಕಾಡು. ಆಗುಂಬೆ ಕಡೆ ಮಳೆಗಾಲದಲ್ಲಿ ನಡೆದವರಿಗೆ ಇಲ್ಲಿನ ಕೆಸರು, ಬೇರು, ಇಂಬಳ ಯಾವುದೂ ಹೊಸದಲ್ಲ. ಹೊಸದು ಶೆಕೆ. ಗಾಳಿಯೇ ಇಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಅಂಗಿ ಹಿಂಡಬಹುದು. ಉದ್ದ ಕಾಲ್ಚೀಲದೊಳಗೆ ಪ್ಯಾಂಟ್ ತೂರಿಸಿ ಕಟ್ಟಿದೆ, ಅಷ್ಟೇ ನನ್ನ ಇಂಬಳದ ಮದ್ದು.

ಒರಾಂಗುಟಾನ್ ಕಂಡದ್ದು ಸದ್ದಿನಿಂದ. ಮೇಲೆ ಎಲ್ಲೋ ಕೊಂಬೆ ಮುರಿಯುವ ಸದ್ದು, ಆಮೇಲೆ ಹಣ್ಣಿನ ಸಿಪ್ಪೆ ಒಂದೊಂದಾಗಿ ಕೆಳಗೆ ಬೀಳತೊಡಗಿತು. ತಾಯಿ, ಸೊಂಟಕ್ಕೆ ಅಂಟಿಕೊಂಡ ಮರಿ. ಕೈಯಿಂದ ಕೊಂಬೆ ಹತ್ತಿರ ಎಳೆದುಕೊಂಡು, ಕಾಲಿಂದ ಅದನ್ನು ಒತ್ತಿ ಹಿಡಿದು, ತುಟಿ ಚಾಚಿ ಹಣ್ಣನ್ನು ಮೊದಲು ಮುಟ್ಟಿ ನೋಡಿ, ಆಮೇಲೆ ಸಿಪ್ಪೆ ಸುಲಿದು ತಿರುಳು ತಿನ್ನುತ್ತಿತ್ತು. ಅವಸರವೇ ಇಲ್ಲ. ಮರಿ ತಾಯಿಯ ಬಾಯಿಗೇ ಬಾಯಿ ಹಾಕಿ ಒಂದು ಚೂರು ಕಿತ್ತುಕೊಂಡಿತು, ತಾಯಿ ಸುಮ್ಮನಿತ್ತು. ಗೈಡ್ ಮೆಲ್ಲಗೆ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ನೇರ ಕೆಳಗೆ ನಿಲ್ಲಬಾರದು, ಮೇಲಿಂದ ಉಚ್ಚೆ ಹೊಯ್ಯುತ್ತವೆ! ಒಂದು ನಿಮಿಷಕ್ಕೇ ಅದು ನಿಜವಾಯಿತು.

ರಾತ್ರಿ ನದಿ ಪಕ್ಕ ಪ್ಲಾಸ್ಟಿಕ್ ಶೀಟಿನ ಡೇರೆ, ಅನ್ನ, ಟೆಂಪೆ (ಹುದುಗಿಸಿದ ಸೋಯಾ ಕಾಳಿನ ಗಟ್ಟಿ) ಸಾರು. ಮರುದಿನ ಲಾರಿ ಟ್ಯೂಬ್‌ಗಳನ್ನು ಹಗ್ಗದಲ್ಲಿ ಬಿಗಿದು, ಅದರ ಮೇಲೆ ಕೂರಿಸಿ ನದಿಯಲ್ಲೇ ಊರಿಗೆ ತಂದು ಬಿಟ್ಟರು. 2003ರ ನವೆಂಬರ್‌ನಲ್ಲಿ ಇದೇ ನದಿ ಒಂದು ರಾತ್ರಿಯಲ್ಲಿ ಊರನ್ನು ಕೊಚ್ಚಿಕೊಂಡು ಹೋಗಿ 200ಕ್ಕೂ ಹೆಚ್ಚು ಜನ ಸತ್ತಿದ್ದರು. ಹಾಗಾಗಿ ಗೈಡ್ ನೀರಿಗೆ ಇಳಿಸುವ ಮುಂಚೆ ಬೆಟ್ಟದ ಕಡೆಯ ಮೋಡ ನೋಡುತ್ತಾ ನಿಂತರೆ ಸುಮ್ಮನೆ ಕಾಯಿರಿ, ಅವಸರ ಮಾಡಬೇಡಿ.

ಊಟದ ವಿಷಯಕ್ಕೆ ಬರೋಣ, ಎಲ್ಲರೂ ಮೊದಲು ಕೇಳುವುದೇ ಅದು. ನಾನು ಸಸ್ಯಾಹಾರಿ, ಬೇಕಾದರೆ ಮೊಟ್ಟೆ ತಿನ್ನುತ್ತೇನೆ. ಉಪವಾಸ ಬೀಳಲಿಲ್ಲ. ಟೆಂಪೆ, ತೋಫು ಇಲ್ಲಿ ಬಡವರ ದಿನದ ಊಟ, ಎಲ್ಲ ಕಡೆ ಸಿಗುತ್ತೆ. ಶೇಂಗಾ ಗೊಜ್ಜು ಹಾಕಿದ ತರಕಾರಿ, ಅಂದರೆ ಗಾಡೊ-ಗಾಡೊ, ನಮ್ಮ ಬಾಯಿಗೆ ತಕ್ಷಣ ಒಗ್ಗುತ್ತೆ. ಮರಗೆಣಸಿನ ಎಲೆ ಕುಟ್ಟಿ ತೆಂಗಿನ ಹಾಲಿನಲ್ಲಿ ಮಾಡುವ ಪಲ್ಯವನ್ನು ನಾನು ಇವತ್ತಿಗೂ ನೆನೆಸಿಕೊಳ್ಳುತ್ತೇನೆ, ಆದರೆ ಅದಕ್ಕೆ ಒಣಮೀನು ಹಾಕುವುದೂ ಉಂಟು, ಕೇಳಿ ತಿನ್ನಿ. ನಿಜವಾದ ಕಳ್ಳ ಇರುವುದು ಖಾರದ ಚಟ್ನಿಯಲ್ಲಿ. ಸಂಬಾಲ್‌ನಲ್ಲಿ ತೆರಾಸಿ, ಅಂದರೆ ಹುದುಗಿಸಿದ ಸಿಗಡಿ, ಸೇರಿರುತ್ತೆ. ನೀವು ಮಾಂಸ ಬೇಡ ಅಂದರೆ ಅವರು ಪಾಪ ಮಾಂಸ ಮಾತ್ರ ತೆಗೆಯುತ್ತಾರೆ. "ತಿಡಾಕ್ ಮಾಕನ್ ಡಾಗಿಂಗ್, ಆಯಾಮ್, ಇಕಾನ್, ಉಡಾಂಗ್, ತೆರಾಸಿ" ಅಂತ ಪೂರ್ತಿ ಹೇಳಬೇಕು. ಮಾಂಸ, ಕೋಳಿ, ಮೀನು, ಸಿಗಡಿ, ತೆರಾಸಿ ಯಾವುದೂ ತಿನ್ನಲ್ಲ ಅಂತ. ಕೇಳಿದ ಪ್ರತಿ ಅಂಗಡಿಯ ಅಮ್ಮನೂ "ಮತ್ತೆ ತಿನ್ನೋದಾದರೂ ಏನು" ಅನ್ನುವ ಹಾಗೆ ಕನಿಕರದಿಂದ ನೋಡಿ, ಇನ್ನೊಂದು ಟೆಂಪೆ ತುಂಡು ಜಾಸ್ತಿ ಹಾಕುತ್ತಿದ್ದರು.

ಪಾಡಾಂಗ್ ಹೋಟೆಲ್‌ಗಳಲ್ಲಿ ಕೂತ ತಕ್ಷಣ ಹುಡುಗ ಒಂದೇ ತೋಳಿನ ಮೇಲೆ ಹತ್ತು ಹನ್ನೆರಡು ತಟ್ಟೆ ಜೋಡಿಸಿಕೊಂಡು ಬಂದು ಎಲ್ಲವನ್ನೂ ಮೇಜಿನ ಮೇಲೆ ಇಟ್ಟುಬಿಡುತ್ತಾನೆ. ಯಾವುದನ್ನು ತಿಂದಿರೋ ಅದಕ್ಕೆ ಮಾತ್ರ ದುಡ್ಡು. ಹೆದರಬೇಡಿ. ತೋಬಾ ಸುತ್ತಲಿನ ಬಾತಕ್ ಜನರ ಕಡೆ ಬಿಪಿಕೆ ಅನ್ನುವ ಬೋರ್ಡ್ ಕಂಡರೆ ಅದು ಹಂದಿ ಮಾಂಸದ ಅಂಗಡಿ. ಮೆಡಾನ್‌ನಲ್ಲಿ ಮಾತ್ರ ಚೀನೀ ಬೌದ್ಧರ ಅಪ್ಪಟ ಸಸ್ಯಾಹಾರಿ ಹೋಟೆಲ್‌ಗಳಿವೆ, ಅಲ್ಲಿ ಹೊಟ್ಟೆ ತುಂಬಿಸಿಕೊಂಡು ಹೊರಡಿ.

ತೋಬಾದಲ್ಲಿ ನಾನು ಮಾಡಿದ್ದು ಕಡಿಮೆ, ಅದೇ ಚೆನ್ನಾಗಿತ್ತು. ಪರಾಪಾತ್‌ನಿಂದ ದೋಣಿ ಹತ್ತಿದರೆ ಸರೋವರದ ನಡುವಿನ ಸಮೋಸಿರ್ ದ್ವೀಪದ ತುಕ್‌ತುಕ್ ಅನ್ನುವ ಹಳ್ಳಿಯಲ್ಲಿ ನಿಮ್ಮ ಲಾಡ್ಜಿನ ಮೆಟ್ಟಿಲಿಗೇ ತಂದು ಇಳಿಸುತ್ತಾರೆ, ಹೆಸರು ಹೇಳಿದರೆ ಸಾಕು. ಸರೋವರದ ಉದ್ದ 100 ಕಿಲೋಮೀಟರ್, ಆಳ 500 ಮೀಟರ್. ಇಡೀ ಸರೋವರ ಒಂದು ಜ್ವಾಲಾಮುಖಿಯ ಬಾಯಿ. ಸುಮಾರು 74,000 ವರ್ಷದ ಹಿಂದೆ ಅದು ಸಿಡಿದಾಗ ಹಾರಿದ ಬೂದಿ ನಮ್ಮ ಬಳ್ಳಾರಿಗೆ ಪಕ್ಕದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಈಗಲೂ ನೆಲದಡಿ ಪದರವಾಗಿ ಸಿಗುತ್ತೆ. ಅಲ್ಲಿ ಈಜುವಾಗ ಇದನ್ನು ನೆನೆದರೆ ಸ್ವಲ್ಪ ಕಾಲು ನಡುಗುತ್ತೆ, ಅಲ್ವಾ? ಸ್ಕೂಟರ್ ಬಾಡಿಗೆಗೆ ಸಿಗುತ್ತೆ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅನ್ನು ಊರಲ್ಲೇ ಆರ್‌ಟಿಒದಲ್ಲಿ ಮಾಡಿಸಿಕೊಂಡು ಹೋಗಿ, ಇಲ್ಲದಿದ್ದರೆ ಬಿದ್ದಾಗ ಇನ್ಶೂರೆನ್ಸ್ ಕೈ ಎತ್ತುತ್ತೆ. ಎತ್ತರದ ಜಾಗ, ರಾತ್ರಿ ಸ್ವೆಟರ್ ಬೇಕು.

ಮತ್ತೆ ಮೆಡಾನ್‌ಗೆ ಬಂದು ಆಚೆ ಪ್ರಾಂತ್ಯದ ರಾಜಧಾನಿ ಬಂಡಾ ಆಚೆಗೆ ರಾತ್ರಿ ಬಸ್ ಹಿಡಿದೆ. ಹತ್ತರಿಂದ ಹನ್ನೆರಡು ಗಂಟೆ ದಾರಿ. ಬಸ್ಸು ನಮ್ಮ ವೋಲ್ವೊಗೆ ಏನೂ ಕಮ್ಮಿ ಇಲ್ಲ, ಎಸಿ ಮಾತ್ರ ಮೂಳೆ ಕೊರೆಯುತ್ತೆ, ಹೊದಿಕೆ ಕೈಚೀಲದಲ್ಲೇ ಇರಲಿ. ಬೆಳಗಿನ ನಮಾಜ್‌ಗೆ ನಿಲ್ಲಿಸುತ್ತಾರೆ, ಅದೇ ನಿಮ್ಮ ಶೌಚಾಲಯದ ಸ್ಟಾಪ್ ಕೂಡ.

ಆಚೆಯಲ್ಲಿ ಷರಿಯಾ ಕಾನೂನು ಇದೆ. ಮದ್ಯ ಇಲ್ಲ, ಮೈ ಮುಚ್ಚುವ ಬಟ್ಟೆ ಬೇಕು. ಭಯಪಡುವಂಥದ್ದು ನನಗೇನೂ ಕಾಣಲಿಲ್ಲ. ಕಾಫಿ ಅಂಗಡಿಗಳು ಮಧ್ಯರಾತ್ರಿವರೆಗೂ ತುಂಬಿ ತುಳುಕುತ್ತವೆ. ಬಟ್ಟೆಯ ಸೋಸುಕದಲ್ಲಿ ಮೇಲಿಂದ ಎಳೆದು ಸುರಿಯುತ್ತಾರೆ, ಇದೇ ಪ್ರಾಂತ್ಯದ ಗಾಯೊ ಬೆಟ್ಟದ ಕಾಫಿಗೂ ಒಳ್ಳೆ ಹೆಸರಿದೆ. ಚಿಕ್ಕಮಗಳೂರಿನವರು ಬಂದು ಜಗಳ ಆಡಬಹುದು. 2004ರ ಸುನಾಮಿ ಬಂಡಾ ಆಚೆಯ ದೊಡ್ಡ ಭಾಗವನ್ನೇ ಅಳಿಸಿಹಾಕಿತ್ತು. 2,600 ಟನ್ ತೂಕದ ವಿದ್ಯುತ್ ಉತ್ಪಾದನೆಯ ಹಡಗೊಂದನ್ನು ಅಲೆ ಕಿಲೋಮೀಟರ್‌ಗಟ್ಟಲೆ ಒಳಗೆ ತಂದು ಮನೆಗಳ ನಡುವೆ ಇಟ್ಟಿದೆ. ಅದನ್ನು ಹಾಗೇ ಬಿಟ್ಟಿದ್ದಾರೆ, ಮೇಲೆ ಹತ್ತಬಹುದು. ಸುತ್ತ ಮನೆ, ಒಣಗಲು ಹಾಕಿದ ಬಟ್ಟೆ, ಆಡುವ ಮಕ್ಕಳು. ಊರಿನ ಸುನಾಮಿ ಮ್ಯೂಸಿಯಂಗಿಂತ ನನಗೆ ಇದೇ ಜಾಸ್ತಿ ತಟ್ಟಿತು.

ಉಲೆ ಲ್ಹೆ ಬಂದರಿನಿಂದ ವೆ ದ್ವೀಪಕ್ಕೆ ಸ್ಪೀಡ್ ಬೋಟ್ ಮುಕ್ಕಾಲು ಗಂಟೆ, ದೊಡ್ಡ ಫೆರ್ರಿ ಎರಡು ಗಂಟೆ. ಫೆರ್ರಿ ಅಗ್ಗ, ಗಾಳಿಯೂ ಸಿಗುತ್ತೆ. ದ್ವೀಪದ ಇನ್ನೊಂದು ತುದಿಯ ಇಬೊಯಿ ಅನ್ನುವ ಹಳ್ಳಿಯಲ್ಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಕೋಣೆಗಳಿವೆ. ಈಜುವ ಕನ್ನಡಕ, ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಬಾಡಿಗೆಗೆ ತೆಗೆದುಕೊಂಡು ನೇರ ಮೆಟ್ಟಿಲಿಂದಲೇ ನೀರಿಗೆ ಇಳಿದರೆ ಹವಳ, ಮೀನು ಶುರು. ಎದುರಿಗೆ ರುಬಿಯಾ ದ್ವೀಪ, ಡಚ್ಚರ ಕಾಲದಲ್ಲಿ ಹಜ್ ಯಾತ್ರಿಕರನ್ನು ಕ್ವಾರಂಟೈನ್‌ನಲ್ಲಿ ಇಡುತ್ತಿದ್ದ ಜಾಗ. ಈಜುಡುಗೆ ಬೀಚ್‌ನಲ್ಲಿ ಸರಿ, ಹಳ್ಳಿಯೊಳಗೆ ಬೇಡ. ಶುಕ್ರವಾರ ಮಧ್ಯಾಹ್ನದ ನಮಾಜ್ ಮುಗಿಯುವ ತನಕ ಅಂಗಡಿ ಬಂದ್, ದೋಣಿ ಬಂದ್, ನೀರಿಗೂ ಇಳಿಯುವಂತಿಲ್ಲ. ಗುರುವಾರವೇ ಬಾಳೆಹಣ್ಣು, ಬಿಸ್ಕತ್ತು ತಂದಿಟ್ಟುಕೊಳ್ಳಿ.

ಈಗ ಹೊರಡುವವರು ಒಂದು ಗಮನಿಸಿ. 2025ರ ನವೆಂಬರ್ ಕೊನೆಯಲ್ಲಿ ಇದೇ ಭಾಗದಲ್ಲಿ ಭಾರಿ ಪ್ರವಾಹ, ಭೂಕುಸಿತ ಆಗಿ ರಸ್ತೆ, ಸೇತುವೆಗಳು ಹೋಗಿವೆ. ನಾನು ಹೋದದ್ದು ಅದಕ್ಕೂ ಮುಂಚೆ. ನನ್ನ ಬಸ್ಸಿನ ಗಂಟೆಗಳನ್ನು ಹಾಗೇ ನಂಬಬೇಡಿ, ಲಾಡ್ಜಿನವರಿಗೆ ವಾಟ್ಸಾಪ್ ಮಾಡಿ ದಾರಿ ಹೇಗಿದೆ ಕೇಳಿ, ಉತ್ತರ ಬೇಗ ಕೊಡುತ್ತಾರೆ. ಮಳೆ ಜಾಸ್ತಿ ಇರುವ ಅಕ್ಟೋಬರ್‌ನಿಂದ ಡಿಸೆಂಬರ್ ಬಿಟ್ಟುಬಿಡುವುದು ವಾಸಿ. ಮತ್ತೆ ವಾಪಸ್ ಟಿಕೆಟ್ ಮೆಡಾನ್‌ನಿಂದ ಮಾಡಬೇಡಿ. ಬಂಡಾ ಆಚೆಯಿಂದಲೂ ಕೌಲಾಲಂಪುರಕ್ಕೆ ವಿಮಾನ ಇದೆ, ಅದರಲ್ಲಿ ಬಂದರೆ ಹನ್ನೆರಡು ಗಂಟೆಯ ಬಸ್ಸು ಉಳಿಯುತ್ತೆ.