ಆರ್ಜಿನೈನ್ ಪುಡಿ ತಗೋಳೋದು ಹೇಗೆ? ಮೊದ್ಲು ಮನೇಲಿರೋ ಮಾತ್ರೆ ಡಬ್ಬಿ ನೋಡಿ

ಕುವೆಂಪುನಗರದಲ್ಲಿ ನಾನು ಹೋಗೋ ಜಿಮ್ಮಲ್ಲಿ ಹೋದ ತಿಂಗಳು ಒಬ್ಬ ಹುಡುಗ ಆರ್ಜಿನೈನ್ (ಪ್ರೋಟೀನಲ್ಲಿರೋ ಒಂದು ಅಮೈನೋ ಆಮ್ಲ) ಪುಡೀನ ಸ್ಕೂಪ್ ಮೇಲೆ ಗೋಪುರ ಏಳೋ ಹಾಗೆ ತುಂಬಿ, ಅದೂ ಎರಡು ಸಲ, ನೀರಿಗೆ ಹಾಕಿ ಗಟಗಟ ಕುಡಿದ, ಅರ್ಧ ಗಂಟೇಲಿ ಹೊಟ್ಟೆ ಹಿಡ್ಕೊಂಡು ಬೆವರ್ತಾ ಮೂಲೇಲಿ ಕೂತಿದ್ದ. ಇಂಥದ್ದು ನೋಡಿ ನೋಡಿ ಬೇಜಾರಾಗಿ ಬರೀತಿದೀನಿ.

ಮೊದಲನೇದು ನೀವು ತಗೊಳ್ತಿರೋ ಮಾತ್ರೆಗಳು. ಎಲ್ರೂ ಎಡವೋದೇ ಇಲ್ಲಿ. ಆರ್ಜಿನೈನಿಂದ ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಾಗಿ ರಕ್ತನಾಳ ಸಡಿಲ ಆಗುತ್ತೆ, ಬಿಪಿ ಸ್ವಲ್ಪ ಇಳಿಯುತ್ತೆ. ಬಿಪಿ ಜಾಸ್ತಿ ಇರೋರಿಗೆ ಅದೇ ಲಾಭ. ಆದ್ರೆ ಈಗಾಗ್ಲೇ ಬಿಪಿ ಮಾತ್ರೆ, ಎದೆನೋವಿಗೆ ನಾಲಿಗೆ ಕೆಳಗಿಡೋ ಮಾತ್ರೆ, ಇಲ್ಲಾ ವಯಾಗ್ರಾ ಥರದ್ದು ನಡೀತಿದ್ರೆ ಎರಡೂ ಸೇರಿ ಬಿಪಿ ತುಂಬ ಕೆಳಗಿಳಿದು ತಲೆ ಸುತ್ತಿ ಬೀಳಬಹುದು, ಡಾಕ್ಟ್ರನ್ನ ಕೇಳದೆ ಡಬ್ಬ ತೆಗೀಲೇಬೇಡಿ. ಕಿಡ್ನಿ ತೊಂದ್ರೆ ಇರೋರು, ತುಟಿ ಮೇಲೆ ಪದೇಪದೇ ಹರ್ಪಿಸ್ ಗುಳ್ಳೆ ಏಳೋರು ಕೂಡ ಅಷ್ಟೇ. ಹಾರ್ಟ್ ಅಟ್ಯಾಕ್ ಆಗಿರೋರಂತೂ ಮುಟ್ಟಬೇಡಿ: 2006ರಲ್ಲಿ ಬಂದ ಅಮೆರಿಕದ ಟ್ರಯಲ್ ಒಂದರಲ್ಲಿ ಅಟ್ಯಾಕ್ ಆದ 153 ಜನ ಇದ್ರು, ದಿನಕ್ಕೆ ಮೂರು ಸಲ 3 ಗ್ರಾಂ ಆರ್ಜಿನೈನ್ ತಗೊಂಡ ಗುಂಪಲ್ಲಿ 6 ಜನ ತೀರ್ಕೊಂಡ್ರು, ಡಮ್ಮಿ ಮಾತ್ರೆ ತಗೊಂಡೋರಲ್ಲಿ ಒಬ್ರೂ ಇಲ್ಲ, ಅವಧಿಗೆ ಮುಂಚೇನೇ ಜನರನ್ನ ಸೇರಿಸ್ಕೊಳ್ಳೋದು ನಿಲ್ಲಿಸಿಬಿಟ್ರು.

ಎರಡನೇದು ಲೇಬಲ್. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಲೈಸೆನ್ಸಿನ 14 ಅಂಕಿ ಇರ್ಬೇಕು. 'ಪ್ರೊಪ್ರೈಟರಿ ಬ್ಲೆಂಡ್' (ಕಂಪನಿಯ ಸ್ವಂತ ಮಿಶ್ರಣ) ಅಂತ ಬರೆದು ಒಳಗೆ ಆರ್ಜಿನೈನ್ ಎಷ್ಟು ಗ್ರಾಂ ಅಂತ ಹೇಳದ ಡಬ್ಬ ಆಫರ್ ಎಷ್ಟಿದ್ರೂ ವಾಪಸ್ ಇಡಿ.

ಆಮೇಲೆ ತೂಕ. ಸ್ಕೂಪ್ ನಂಬಬೇಡಿ, ಡಬ್ಬ ಅಲ್ಲಾಡಿಸಿದ್ರೆ ಪುಡಿ ಒತ್ತಾಗಿ ಕೂತು ಅದೇ ಸ್ಕೂಪಲ್ಲಿ ಜಾಸ್ತಿ ಬರುತ್ತೆ, ನಾನು ಗ್ರಾಂ ತೋರ್ಸೋ ಪುಟ್ಟ ತಕ್ಕಡಿ ಮೇಲಿಟ್ಟಾಗ 5 ಗ್ರಾಂ ಸ್ಕೂಪು 7 ತೋರಿಸ್ತು. 3 ಗ್ರಾಮಿಂದ ಶುರು ಮಾಡಿ. ಒಂದೇ ಸಲಕ್ಕೆ 9 ಗ್ರಾಂ ದಾಟಿದ್ರೆ ಭೇದಿ ಆಗೋ ಸಾಧ್ಯತೆ ಜಾಸ್ತಿ. ನೀರಿಗೆ ಹಾಕಿ ಕುಡೀರಿ, ಕಹಿ ಅನ್ಸಿದ್ರೆ ನಿಂಬೆಹಣ್ಣು ಹಿಂಡಿ.

ನನ್ನ ಕೇಳಿದ್ರೆ ಆರೋಗ್ಯವಾಗಿರೋ ಹುಡುಗರಿಗೆ ಇದು ಬೇಡ, ಕುಡಿದ ಆರ್ಜಿನೈನಲ್ಲಿ ದೊಡ್ಡ ಪಾಲು ಕರುಳು, ಲಿವರ್‌ನಲ್ಲೇ ಮುಗಿದೋಗುತ್ತೆ, ದುಡ್ಡು ದಂಡ. ಮಂಡ್ಯ ಸಂತೇಲಿ ಸಿಗೋ ಕಡ್ಲೆಕಾಯಿ ಬೀಜ 100 ಗ್ರಾಂ ತಿಂದ್ರೆ ಸುಮಾರು 3 ಗ್ರಾಂ ಆರ್ಜಿನೈನ್ ಅದರಲ್ಲೇ ಬರುತ್ತೆ, ಜೊತೆಗೆ ಪ್ರೋಟೀನೂ.

ತಗೊಳ್ಳಲೇಬೇಕು ಅಂದ್ರೆ ಮೊದಲ ದಿನ ಜಿಮ್ಮಲ್ಲಿ ಬೇಡ, ಮನೇಲಿ ತಗೊಳ್ಳಿ, ಒಂದು ಗಂಟೆ ಬಿಟ್ಟು ಬಿಪಿ ನೋಡಿ ಬರೆದಿಡಿ. ತಲೆ ಸುತ್ತಿದ್ರೆ ತಕ್ಷಣ ಮಲ್ಕೊಂಡು ಕಾಲ ಕೆಳಗೆ ದಿಂಬು ಇಟ್ಕೊಳ್ಳಿ, ಮನೆಯವರನ್ನ ಕೂಗಿ.